ವಿವರಣೆ | ಹಿತ್ತಲಲ್ಲಿ ಸೂಪರ್‌ಚಾರ್ಜರ್: ಇಂಜಿನ್ ಒಪ್ಪಬಹುದು, ಆರ್‌ಸಿ ಒಪ್ಪೋದಿಲ್ಲ

ಮಾಸ್ತಿಯಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ವಾರಕ್ಕೊಂದು ಶಿಫ್ಟ್. ಡಿಪ್ಲೊಮಾ ಓದಿದಾನೆ, ಕೈ ಚುರುಕು. ಮನೆ ಹಿತ್ತಲಲ್ಲಿ ದನದ ಕೊಟ್ಟಿಗೆ ಖಾಲಿಯಾದ ಮೇಲೆ ಅಲ್ಲೊಂದು ಹಳೇ ಮಾರುತಿ ಎಸ್ಟೀಮ್ ನಿಲ್ಲಿಸ್ಕೊಂಡಿದಾನೆ.

"ಅಣ್ಣಾ, ಬೆಂಗಳೂರಲ್ಲಿ ಗುಜರಿ ಅಂಗಡೀಲಿ ಒಂದು ಸೂಪರ್‌ಚಾರ್ಜರ್ ನೋಡ್ಕೊಂಡ್ ಬಂದಿದೀನಿ. ನಮ್ ಎಸ್ಟೀಮ್‌ಗೆ ಹಾಕ್ಬೋದಾ?"

ಈ ಪ್ರಶ್ನೆಗೆ ಎರಡು ಉತ್ತರ ಇದೆ. ಒಂದು ಇಂಜಿನ್ ಕೊಡೋ ಉತ್ತರ, ಇನ್ನೊಂದು ಕಾನೂನು ಕೊಡೋ ಉತ್ತರ. ಅವನಿಗೆ ಬೇಕಾಗಿದ್ದದ್ದು ಮೊದಲನೇದು. ಆದರೆ ಎರಡನೇದನ್ನ ಬಿಟ್ಟು ಹೇಳಿದರೆ ಅಣ್ಣನಾಗಿ ಮೋಸ ಮಾಡಿದ ಹಾಗೆ. ಮಾಸ್ತಿಯಲ್ಲಷ್ಟೇ ಅಲ್ಲ, ಸಣ್ಣ ಊರುಗಳ ಗ್ಯಾರೇಜ್‌ಗಳಲ್ಲಿ ಇದೇ ಪ್ರಶ್ನೆ ಕೇಳೋ ಹುಡುಗರು ತುಂಬಾ ಜನ ಇದಾರೆ. ಅವರೆಲ್ಲರಿಗೂ ಸೇರಿಸಿ ಇಲ್ಲಿ ಎರಡನ್ನೂ ಬರೀತಿದೀನಿ.

ಸೂಪರ್‌ಚಾರ್ಜರ್ ಮಾಡೋ ಕೆಲಸ ಏನು?

ಪೆಟ್ರೋಲ್ ಸುಡಬೇಕಾದರೆ ಗಾಳಿ ಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಸುಡೋಕೆ ಸುಮಾರು 14.7 ಕಿಲೋ ಗಾಳಿ ಬೇಕಾಗುತ್ತೆ. ಇಂಜಿನ್‌ಗೆ ಹೆಚ್ಚು ಪೆಟ್ರೋಲ್ ಸುರಿಯೋದು ಸುಲಭ. ಕಷ್ಟ ಇರೋದು ಅದಕ್ಕೆ ತಕ್ಕಷ್ಟು ಗಾಳಿ ತುಂಬಿಸೋದರಲ್ಲಿ. ಸಾಮಾನ್ಯ ಇಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿದಾಗ ಗಾಳಿ ತಾನಾಗೇ ಒಳಗೆ ಬರಬೇಕು. ವಾತಾವರಣದ ಒತ್ತಡ ಎಷ್ಟು ತಳ್ಳುತ್ತೋ ಅಷ್ಟೇ ಗಾಳಿ.

ಸೂಪರ್‌ಚಾರ್ಜರ್ ಅಂದರೆ ಆ ಗಾಳಿಯನ್ನ ಒತ್ತಿ ತುಂಬೋ ಪಂಪ್. ಕುಲುಮೆಯಲ್ಲಿ ತಿದಿ ಒತ್ತಿದಾಗ ಕೆಂಡ ಕೆಂಪಗಾಗುತ್ತಲ್ಲ, ಅದೇ ತತ್ವ. ಈ ತಿದಿಯನ್ನ ಇಂಜಿನ್ನೇ ತಿರುಗಿಸುತ್ತೆ. ಕ್ರ್ಯಾಂಕ್ ಪುಲ್ಲಿಯಿಂದ ಬ್ಲೋವರ್ ಪುಲ್ಲಿಗೆ ಒಂದು ಬೆಲ್ಟ್, ನಮ್ಮೂರಿನ ರಾಗಿ ಮಿಷನ್ ಓಡೋ ರೀತಿ.

ಟರ್ಬೊಚಾರ್ಜರ್ ಮಾಡೋದೂ ಇದೇ ಕೆಲಸ. ವ್ಯತ್ಯಾಸ ಇರೋದು ಅದನ್ನ ಯಾರು ತಿರುಗಿಸ್ತಾರೆ ಅನ್ನೋದರಲ್ಲಿ. ಟರ್ಬೊವನ್ನ ಸೈಲೆನ್ಸರ್ ಕಡೆಗೆ ಹೋಗೋ ಬಿಸಿ ಹೊಗೆ ತಿರುಗಿಸುತ್ತೆ. ಹೊರಗೆ ಹೋಗಿ ವ್ಯರ್ಥವಾಗ್ತಿದ್ದ ಶಕ್ತಿಯಿಂದಲೇ ಕೆಲಸ ನಡೆಯೋದರಿಂದ ಅದು ಮಿತವ್ಯಯಿ. ಆದರೆ ಹೊಗೆಯ ಒತ್ತಡ ಏರೋವರೆಗೂ ಕಾಯಬೇಕು. ಸೂಪರ್‌ಚಾರ್ಜರ್‌ಗೆ ಕಾಯೋ ಅಗತ್ಯ ಇಲ್ಲ, ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಳಿ ಕೊಡುತ್ತೆ. ಬದಲಿಗೆ ಇಂಜಿನ್‌ನ ಶಕ್ತಿಯಲ್ಲೇ ತನ್ನ ಪಾಲು ಕಿತ್ಕೊಳ್ಳುತ್ತೆ. ಇವತ್ತು ಟಾಟಾ ನೆಕ್ಸಾನ್, ಹ್ಯುಂಡೈ ವೆನ್ಯೂ ಥರದ ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲೂ ಫ್ಯಾಕ್ಟರಿಯಿಂದಲೇ ಟರ್ಬೊ ಬರುತ್ತೆ. ಅಂದರೆ ಗಾಳಿ ಒತ್ತಿ ತುಂಬೋದು ಶ್ರೀಮಂತರ ಷೋಕಿಯಾಗಿ ಉಳಿದಿಲ್ಲ, ದಿನಬಳಕೆಯ ತಂತ್ರಜ್ಞಾನವೇ.

ಕುಲುಮೆಯಿಂದ ಬೆಳ್ಳಂದೂರು ಕೆರೆಗೆ

ಅಮೆರಿಕದ ಇಂಡಿಯಾನಾದಲ್ಲಿ ರೂಟ್ಸ್ ಅನ್ನೋ ಅಣ್ಣತಮ್ಮಂದಿರು 1860ರಲ್ಲಿ ಒಂದು ಗಾಳಿ ಪಂಪ್‌ಗೆ ಪೇಟೆಂಟ್ ತಗೊಂಡರು. ಒಂದಕ್ಕೊಂದು ಹೆಣೆದ ಹಾಗೆ ತಿರುಗೋ ಎರಡು ರೋಟರ್‌ಗಳು, ಸುತ್ತ ಒಂದು ಪೆಟ್ಟಿಗೆ, ಅಷ್ಟೇ. ಕಬ್ಬಿಣದ ಕುಲುಮೆಗೆ, ಗಣಿಗಳಿಗೆ ಗಾಳಿ ಊದೋಕೆ ಅದನ್ನ ಬಳಸಿದರು. ಗೊಟ್ಲೀಬ್ ಡೈಮ್ಲರ್ 1885ರಲ್ಲಿ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಪೇಟೆಂಟ್ ಪಡೆದ. 1921ರಲ್ಲಿ ಮರ್ಸಿಡಿಸ್ ಸೂಪರ್‌ಚಾರ್ಜರ್ ಇರೋ ಕಾರುಗಳನ್ನ ಬರ್ಲಿನ್ ಪ್ರದರ್ಶನದಲ್ಲಿ ಇಟ್ಟಿತು. ಸ್ವೀಡನ್ನಿನ ಆಲ್ಫ್ ಲೀಸ್‌ಹೋಮ್ 1930ರ ದಶಕದಲ್ಲಿ ಎರಡು ಸ್ಕ್ರೂಗಳ ನಡುವೆ ಗಾಳಿ ಹಿಂಡೋ ಇನ್ನೊಂದು ಬಗೆಯನ್ನ ರೂಪಿಸಿದ. ಅದರ ಸಂಬಂಧಿಯನ್ನ ಕೋಲಾರದವರು ದಿನಾ ನೋಡ್ತಾರೆ: ಸಾವಿರ ಅಡಿ ದಾಟಿದ ಬೋರ್‌ನೊಳಗಿಂದ ಕಲ್ಲುಪುಡಿಯನ್ನ ಮೇಲಕ್ಕೆ ಚಿಮ್ಮಿಸೋ ರಿಗ್ ಲಾರಿಯ ಸ್ಕ್ರೂ ಕಂಪ್ರೆಸರ್.

ಇದಕ್ಕೆ ನಿಜವಾದ ಬೇಡಿಕೆ ಬಂದದ್ದು ವಿಮಾನಗಳಿಂದ. ಸುಮಾರು 5,500 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡ ಅರ್ಧಕ್ಕೆ ಇಳಿಯುತ್ತೆ, ಇಂಜಿನ್ ಉಸಿರುಗಟ್ಟುತ್ತೆ. ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಎರಡನೇ ಮಹಾಯುದ್ಧದ ಹೊತ್ತಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳ ದೊಡ್ಡ ರಿಪೇರಿ ಕೇಂದ್ರವಾಯಿತು. ಇವತ್ತು ನೊರೆ ಉಕ್ಕೋ ಸುದ್ದಿಗೆ ಹೆಸರಾದ ಬೆಳ್ಳಂದೂರು ಕೆರೆಯಲ್ಲಿ ಆಗ ಕ್ಯಾಟಲಿನಾ ಅನ್ನೋ ನೀರ ಮೇಲಿಳಿಯೋ ವಿಮಾನಗಳು ರಿಪೇರಿಗೆ ಬಂದು ಇಳೀತಿದ್ದವು. ಅವುಗಳ ಟ್ವಿನ್ ವಾಸ್ಪ್ ಇಂಜಿನ್‌ನೊಳಗೇ ಗೇರ್‌ನಿಂದ ತಿರುಗೋ ಸೂಪರ್‌ಚಾರ್ಜರ್ ಇತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನ ಇದೇ ಎಚ್‌ಎಎಲ್ ಮತ್ತೆ ಹಾರೋ ಹಾಗೆ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟಿತು. ಗುಜರಿಯಿಂದ ಇಂಜಿನ್ ಎತ್ತಿ ಜೀವ ಕೊಡೋದು ಈ ಕಡೆಯವರಿಗೆ ಹೊಸ ವಿದ್ಯೆ ಏನಲ್ಲ.

ಮಾಸ್ತಿಯ ಎಸ್ಟೀಮ್: ಕಾಗದದ ಮೇಲಿನ ಲೆಕ್ಕ

ಸ್ಪ್ಯಾನರ್ ಮುಟ್ಟೋ ಮುಂಚೆ ಪೆನ್ನು ಹಿಡೀಬೇಕು. ಎಸ್ಟೀಮ್ ಇಂಜಿನ್ 1298 ಸಿಸಿ, ಎಂಪಿಎಫ್‌ಐ ಮಾದರಿಗೆ ಕಂಪನಿ ಹೇಳಿದ ಶಕ್ತಿ 85 ಎಚ್‌ಪಿ.

ಮೊದಲ ನಷ್ಟ ಊರಿನದ್ದೇ. ಕೋಲಾರದ ಕಡೆ ನೆಲ ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸುಮಾರು 8% ಕಡಿಮೆ. ಆದ್ದರಿಂದ ಮಂಗಳೂರಲ್ಲಿ 85 ಎಚ್‌ಪಿ ಕೊಡೋ ಇಂಜಿನ್ ಮಾಸ್ತಿಗೆ ಬರೋ ಹೊತ್ತಿಗೆ 78ರ ಆಸುಪಾಸಿಗೆ ಇಳಿದಿರುತ್ತೆ. ಹಳೇ ಇಂಜಿನ್ ಸವೆತ ಬೇರೆ.

ಈಗ 6 ಪಿಎಸ್‌ಐ ಬೂಸ್ಟ್ ಕೊಡೋಣ. ಮನೆ ಪ್ರಯೋಗಕ್ಕೆ ಇದಕ್ಕಿಂತ ಹೆಚ್ಚಿನ ಆಸೆ ಬೇಡ. ಮಾಸ್ತಿಯ ವಾತಾವರಣದ ಒತ್ತಡ ಸುಮಾರು 0.91 ಬಾರ್. ಅದರ ಮೇಲೆ 0.41 ಬಾರ್ ಸೇರಿಸಿದರೆ ಒತ್ತಡ 45% ಹೆಚ್ಚಾಯಿತು. ಹಾಗಾದರೆ ಶಕ್ತಿಯೂ 45% ಏರುತ್ತಾ? ಇಲ್ಲ.

ಗಾಳಿ ಹಿಂಡಿದರೆ ಬಿಸಿಯಾಗುತ್ತೆ. ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತಿರೋ ಮಾತು. ರೂಟ್ಸ್ ಬಗೆಯ ಬ್ಲೋವರ್‌ನ ದಕ್ಷತೆ 55% ಅಂತ ಹಿಡಿದರೆ, 30 ಡಿಗ್ರಿಯ ಗಾಳಿ ಹೊರಬರುವಾಗ 90 ಡಿಗ್ರಿ ದಾಟಿರುತ್ತೆ. ಬಿಸಿ ಗಾಳಿ ತೆಳು. ಹೀಗಾಗಿ ಸಿಲಿಂಡರ್‌ಗೆ ನಿಜವಾಗಿ ಸಿಕ್ಕೋ ಹೆಚ್ಚುವರಿ ಗಾಳಿ 20% ಮಾತ್ರ. ಆ ಬಿಸಿಯನ್ನ ಇಂಟರ್‌ಕೂಲರ್ ಹಾಕಿ 50 ಡಿಗ್ರಿಗೆ ಇಳಿಸಿದರೆ ಅದೇ ಬೂಸ್ಟ್‌ನಲ್ಲಿ 36% ಸಿಗುತ್ತೆ.

ಇನ್ನು ಬ್ಲೋವರ್ ತಿರುಗಿಸೋ ಖರ್ಚು. 6000 ಆರ್‌ಪಿಎಂನಲ್ಲಿ ಇಷ್ಟು ಗಾಳಿ ಹಿಂಡೋಕೆ ಬರೀ ಗಾಳಿಗೇ ಸುಮಾರು 6 ಎಚ್‌ಪಿ, ಬೆಲ್ಟ್ ಬೇರಿಂಗ್ ಸೇರಿಸಿ 7-8 ಅಂತ ಇಟ್ಕೊಳ್ಳಿ. ಕೂಡಿ ಕಳೆದರೆ:

• ಇಂಟರ್‌ಕೂಲರ್ ಇಲ್ಲದೆ: 78 ಎಚ್‌ಪಿಯ ಇಂಜಿನ್ 87ರ ಹತ್ತಿರ.
• ಇಂಟರ್‌ಕೂಲರ್ ಇದ್ದರೆ: 98ರ ಹತ್ತಿರ.

ಮೊದಲ ಸಾಲನ್ನ ಇನ್ನೊಮ್ಮೆ ಓದಿ. ತಿಂಗಳುಗಟ್ಟಲೆ ವೆಲ್ಡಿಂಗ್ ಮಾಡಿ, ಲೇತ್‌ನವನ ಹತ್ತಿರ ಅಲೆದು, ಕೊನೆಗೆ ಸಿಕ್ಕಿದ್ದು ಏನು? ಮಂಗಳೂರಲ್ಲಿ ಪುಕ್ಕಟೆಯಾಗಿ ಸಿಗ್ತಿದ್ದ 85 ಮತ್ತು ಅದರ ಮೇಲೊಂದು ಚಿಟಿಕೆ. ಇಂಟರ್‌ಕೂಲರ್ ಅನ್ನೋದು ಅಲಂಕಾರಕ್ಕಲ್ಲ ಅನ್ನೋದು ಇದಕ್ಕೇ.

ಕೂರಿಸೋದು ಹೇಗೆ?

ಮೊದಲು ಇಂಜಿನ್‌ನ ಆರೋಗ್ಯ ನೋಡಬೇಕು. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದಕ್ಕೊಂದು ಹೊಂದದೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಸೂಪರ್‌ಚಾರ್ಜರ್ ಹಳೇ ಇಂಜಿನ್‌ಗೆ ಟಾನಿಕ್ ಅಲ್ಲ. ಹುಷಾರಿಲ್ಲದವನನ್ನ ಕುಸ್ತಿ ಅಖಾಡಕ್ಕೆ ಇಳಿಸಿದ ಹಾಗಾಗುತ್ತೆ.

ಎರಡನೇದು ಬ್ಲೋವರ್ ಅಳತೆ. ಗುಜರಿಯಲ್ಲಿ ಸಿಗೋ ಈಟನ್ ಎಂ45 ಈ ಗಾತ್ರದ ಇಂಜಿನ್‌ಗೆ ಹೊಂದುತ್ತೆ. ಹಿಂದಿನ ಮಿನಿ ಕೂಪರ್ ಎಸ್‌ನಲ್ಲಿ ಇದ್ದದ್ದು ಇದೇ. ಹೆಸರಿನಲ್ಲಿರೋ 45 ಅಂದರೆ ಒಂದು ಸುತ್ತಿಗೆ 45 ಘನ ಅಂಗುಲ, ಸುಮಾರು 0.74 ಲೀಟರ್ ಗಾಳಿ. 1298 ಸಿಸಿ ಇಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತೆ. ಸೋರಿಕೆ, ಉಸಿರಾಟದ ದಕ್ಷತೆ ಎಲ್ಲ ಲೆಕ್ಕ ಹಾಕಿದರೆ 6 ಪಿಎಸ್‌ಐಗೆ ಇಂಜಿನ್ ಒಂದು ಸುತ್ತಿದರೆ ಬ್ಲೋವರ್ ಕೂಡ ಸರಿಸುಮಾರು ಒಂದು ಸುತ್ತಬೇಕು. ಎರಡೂ ಪುಲ್ಲಿ ಒಂದೇ ಅಳತೆಯವು ಅಂತ ಶುರು ಮಾಡಿ. ಇಂಟರ್‌ಕೂಲರ್ ಹಾಕಿದಾಗ ಅದೇ ಬೂಸ್ಟ್ ಉಳಿಸಿಕೊಳ್ಳೋಕೆ ಬ್ಲೋವರ್ ಸ್ವಲ್ಪ ಜೋರಾಗಿ ತಿರುಗಬೇಕು, ಅಂದರೆ ಅದರ ಪುಲ್ಲಿ ಸ್ವಲ್ಪ ಚಿಕ್ಕದಾಗಬೇಕು. ಪುಲ್ಲಿ ಚಿಕ್ಕದಾದಷ್ಟೂ ಬೂಸ್ಟ್ ಏರುತ್ತೆ. ಹುಡುಗರು ಹಾಳಾಗೋದು ಇಲ್ಲೇ. ಮಿನಿಯಿಂದ ಬಿಚ್ಚಿದ ಬ್ಲೋವರ್ ಆದರೆ ಇನ್ನೊಂದು ತೊಡಕು: ಆ ಕಾರಲ್ಲಿ ವಾಟರ್ ಪಂಪ್ ಓಡೋದೂ ಬ್ಲೋವರ್‌ನ ಹಿಂಬದಿಯಿಂದಲೇ. ಆ ಭಾಗವನ್ನ ಸರಿಯಾಗಿ ಮುಚ್ಚಬೇಕು.

ಮೂರನೇದು ಬ್ರ್ಯಾಕೆಟ್. ಹಿತ್ತಲಲ್ಲಿ ಆಗಬಹುದಾದ ಕೆಲಸಗಳಲ್ಲಿ ಹೆಚ್ಚು ಸೋಲೋದು ಇದರಲ್ಲೇ. ಬ್ಲೋವರ್‌ನ ಇಂಜಿನ್‌ಗೇ ಬಿಗೀಬೇಕು, ಬಾಡಿಗೆ ಅಲ್ಲ. ಇಂಜಿನ್ ನಡುಗಿದಾಗ ಎರಡೂ ಒಟ್ಟಿಗೆ ನಡುಗಬೇಕು. ದಪ್ಪ ಪ್ಲೇಟ್, ಎರಡಕ್ಕಿಂತ ಹೆಚ್ಚು ಕಡೆ ಆಧಾರ, ಪುಲ್ಲಿಗಳು ಒಂದೇ ಗೆರೆಯಲ್ಲಿ. ಒಂದೆರಡು ಮಿಲಿಮೀಟರ್ ವಾರೆ ಆದರೂ ಬೆಲ್ಟ್ ಕಚ್ಚಿ ಹರಿಯುತ್ತೆ. ಮಾಲೂರಲ್ಲೋ ಹೊಸೂರಲ್ಲೋ ಒಳ್ಳೇ ಲೇತ್ ಕೆಲಸದವರು ಸಿಕ್ಕರೆ ಅವರ ಕೈಗೆ ಕೊಡಿ, ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿ ಅಂದಾಜಲ್ಲಿ ವೆಲ್ಡ್ ಮಾಡ್ಬೇಡಿ.

ನಾಲ್ಕನೇದು ಬೈಪಾಸ್ ವಾಲ್ವ್. ನಿಧಾನಕ್ಕೆ ಹೋಗುವಾಗ ಬೂಸ್ಟ್ ಬೇಡ. ಆಗ ಗಾಳಿ ಬ್ಲೋವರ್ ಸುತ್ತಲೇ ತಿರುಗಿಕೊಂಡು ಹೋಗೋಕೆ ಈ ವಾಲ್ವ್ ದಾರಿ ಬಿಡುತ್ತೆ. ಇದಿಲ್ಲದೆ ಹೋದರೆ ಪೆಟ್ರೋಲ್ ಖರ್ಚೂ ಬಿಸಿಯೂ ಎರಡೂ ಹೆಚ್ಚು.

ಐದನೇದು, ಎಲ್ಲಕ್ಕಿಂತ ಮುಖ್ಯವಾದದ್ದು, ಪೆಟ್ರೋಲ್ ಮತ್ತು ಕಿಡಿ. ಗಾಳಿ 36% ಹೆಚ್ಚಾದರೆ ಪೆಟ್ರೋಲ್ ಅದಕ್ಕಿಂತ ಹೆಚ್ಚಬೇಕು, ಯಾಕಂದ್ರೆ ಬೂಸ್ಟ್‌ನಲ್ಲಿ ಮಿಶ್ರಣವನ್ನ 14.7ರಲ್ಲಿ ಇಡೋಕಾಗಲ್ಲ, 12ರ ಸುತ್ತಮುತ್ತ ಇಡಬೇಕು. ಹಳೇ ಇಂಜೆಕ್ಟರ್‌ಗಳಿಗೆ ಅಷ್ಟು ಸುರಿಯೋ ತಾಕತ್ತು ಇರೋಲ್ಲ. ಜೊತೆಗೆ, ಟರ್ಬೊ ಇಲ್ಲದ ಕಾರುಗಳ ಮ್ಯಾಪ್ ಸೆನ್ಸರ್ ಸಾಮಾನ್ಯವಾಗಿ ವಾತಾವರಣದ ಒತ್ತಡದವರೆಗೆ ಅಳೆಯುತ್ತೆ, ಅದರಾಚೆಗೆ ಕುರುಡು. ಒಳಗೆ 1.3 ಬಾರ್ ಇದ್ದರೂ ಇಸಿಯು "ಎಲ್ಲಾ ಮಾಮೂಲಿ" ಅಂದುಕೊಂಡು ಮಾಮೂಲಿಯಷ್ಟೇ ಪೆಟ್ರೋಲ್ ಕೊಡುತ್ತೆ. ಹಾಗಾಗಿ ದೊಡ್ಡ ಇಂಜೆಕ್ಟರ್, 2 ಬಾರ್ ಸೆನ್ಸರ್, ಪ್ರೋಗ್ರಾಂ ಮಾಡಬಹುದಾದ ಇಸಿಯು, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಕೊನೆಗೆ ಡೈನೊ ಮೇಲೆ ಟ್ಯೂನಿಂಗ್. ಗುಜರಿ ಬ್ಲೋವರ್ ಅಗ್ಗವಾಗಿ ಸಿಕ್ಕಿತು ಅಂತ ಖುಷಿಪಡೋರು ಈ ಪಟ್ಟಿ ಓದಬೇಕು. ಹಣ ಹೋಗೋದು ಬ್ಲೋವರ್‌ಗಲ್ಲ, ಇದಕ್ಕೆ.

ಆನಂತರ ಕ್ಲಚ್, ರೇಡಿಯೇಟರ್, ಬ್ರೇಕ್. ಬ್ರೇಕ್ ಬಗ್ಗೆ ಒಂದೇ ಲೆಕ್ಕ: ಗಂಟೆಗೆ 80 ಕಿ.ಮೀ. ಬದಲು 100ರಲ್ಲಿ ಹೋಗೋ ಕಾರನ್ನ ನಿಲ್ಲಿಸೋಕೆ 56% ಹೆಚ್ಚು ಶಕ್ತಿಯನ್ನ ಬ್ರೇಕ್ ನುಂಗಬೇಕು. ಬೂಸ್ಟ್ ಇಂಜಿನ್‌ಗೆ ಮಾತ್ರ ಬಂದಿದೆ, ಬ್ರೇಕ್ ಹಳೇದೇ.

ಇಂಜಿನ್ ಸಾಯೋದು ಹೇಗೆ?

ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ ನಾವು ನಾಲ್ಕು ಜನ ಸೇರಿ ಒಂದು ಮಾರುತಿ 800 ಇಂಜಿನ್‌ಗೆ ಬ್ಲೋವರ್ ಕಟ್ಟಿದ್ದೆವು. ಕಾರಿಗಲ್ಲ, ಸ್ಟ್ಯಾಂಡ್ ಮೇಲಿಟ್ಟ ಇಂಜಿನ್‌ಗೆ. ಬ್ರ್ಯಾಕೆಟ್ ಚೆನ್ನಾಗಿತ್ತು, ಬೆಲ್ಟ್ ನೇರವಾಗಿತ್ತು. ಸದ್ದು ಕೇಳಿ ಪಕ್ಕದ ಲ್ಯಾಬಿನವರೆಲ್ಲ ಬಂದು ನಿಂತರು. ಲೋಡ್ ಹಾಕಿದೆವು. ಒಳಗಿಂದ ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಥರ ಟಿಣಿಟಿಣಿ ಸದ್ದು. "ಇನ್ನೊಂದ್ ಸ್ವಲ್ಪ ಕೊಡೋ" ಅಂದವನು ನಾನೇ. ಅರ್ಧ ನಿಮಿಷದಲ್ಲಿ ಬಿಳಿ ಹೊಗೆ. ಬಿಚ್ಚಿ ನೋಡಿದರೆ ನಡುವಿನ ಪಿಸ್ಟನ್ ತಲೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು.

ಆ ಟಿಣಿಟಿಣಿ ಸದ್ದಿನ ಹೆಸರು ನಾಕಿಂಗ್. ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ, ಒಳಗಿನ ಗಾಳಿ ಬಿಸಿ, ಕಿಡಿ ಬೇಗ. ಈ ಮೂರೂ ಸೇರಿದರೆ ಪೆಟ್ರೋಲ್ ಹದವಾಗಿ ಸುಡದೆ ಮೂಲೆಯಲ್ಲಿ ತಾನಾಗೇ ಸಿಡಿಯುತ್ತೆ. ಆ ಹೊಡೆತಕ್ಕೆ ಪಿಸ್ಟನ್ ಕರಗುತ್ತೆ, ಹೆಡ್ ಗ್ಯಾಸ್ಕೆಟ್ ಹರಿಯುತ್ತೆ. ಬೂಸ್ಟ್ ಏರಿದ ಹಾಗೆ ಕಿಡಿಯ ಸಮಯವನ್ನ ಹಿಂದಕ್ಕೆ ಸರಿಸಬೇಕು. ಒಂದು ಪಿಎಸ್‌ಐಗೆ ಒಂದು ಡಿಗ್ರಿ ಅನ್ನೋದು ಗ್ಯಾರೇಜಿನ ರೂಢಿ, ಅದು ಶುರು ಮಾಡೋಕೆ ಮಾತ್ರ. ಪೆಟ್ರೋಲ್‌ನ ಆಕ್ಟೇನ್ ಅಂಕಿ ಹೆಚ್ಚಿದಷ್ಟೂ ಇದನ್ನ ತಡೀಬಹುದು. ಬಿಎಸ್-2 ಕಾಲದಲ್ಲಿ ನಮ್ಮ ಮಾಮೂಲಿ ಪೆಟ್ರೋಲ್ 88 ಇತ್ತು, ಬಿಎಸ್-3 ಬಂದಾಗ 91 ಆಯಿತು. ಈಗ ಬಂಕ್‌ಗಳಿಗೆ ಬರ್ತಿರೋ 20% ಎಥನಾಲ್ ಬೆರೆತ ಪೆಟ್ರೋಲ್ ನಾಕಿಂಗ್ ತಡೆಯೋದರಲ್ಲಿ ಇನ್ನೂ ಮೇಲು. ಆದರೆ ಎಥನಾಲ್‌ಗೆ ಕಡಿಮೆ ಗಾಳಿ ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರೀಬೇಕು. ಹಳೇ ಕಾರಿನ ರಬ್ಬರ್ ಪೈಪುಗಳಿಗೂ ಅದು ಒಗ್ಗೋಲ್ಲ.

ಇನ್ನೊಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಮಾರೋ 12 ವೋಲ್ಟ್‌ನ "ಎಲೆಕ್ಟ್ರಿಕ್ ಸೂಪರ್‌ಚಾರ್ಜರ್" ಕೊಳ್ಳಬೇಡಿ. ನಮ್ಮ ಲೆಕ್ಕದ ಬ್ಲೋವರ್‌ಗೆ 4 ಕಿಲೋವ್ಯಾಟ್‌ಗಿಂತ ಹೆಚ್ಚು ಬೇಕು. 12 ವೋಲ್ಟ್‌ನಲ್ಲಿ ಅದು 350 ಆಂಪಿಯರ್ ದಾಟುತ್ತೆ. ಸಣ್ಣ ಕಾರಿನ ಆಲ್ಟರ್ನೇಟರ್‌ಗೆ ಅದರಲ್ಲಿ ಕಾಲು ಭಾಗ ಕೊಡೋದೇ ಕಷ್ಟ. ಆಡಿ 2016ರಲ್ಲಿ ನಿಜವಾದ ಎಲೆಕ್ಟ್ರಿಕ್ ಕಂಪ್ರೆಸರ್ ತಂದಾಗ ಅದಕ್ಕಂತಲೇ 48 ವೋಲ್ಟ್‌ನ ಬೇರೆ ವ್ಯವಸ್ಥೆ ಕಟ್ಟಿತು. ಅಗ್ಗದ್ದು ಬರೀ ಫ್ಯಾನ್.

ಕಾನೂನು ಏನನ್ನುತ್ತೆ?

ಇಂಜಿನ್ ಕೊಡೋ ಉತ್ತರ ಇಲ್ಲಿಗೆ ಮುಗೀತು: ಆಗುತ್ತೆ, ಲೆಕ್ಕ ಸರಿಯಿದ್ದರೆ. ಈಗ ಎರಡನೇದು.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೂ ಆರ್‌ಸಿಯ ವಿವರಗಳಿಗೂ ವ್ಯತ್ಯಾಸ ಆಗೋ ಹಾಗೆ ಮಾಲೀಕ ವಾಹನವನ್ನ ಬದಲಾಯಿಸೋ ಹಾಗಿಲ್ಲ. "ಸೂಪರ್‌ಚಾರ್ಜರ್ ಹಾಕಿದರೂ ಸಿಸಿ ಅದೇ, ಇಂಜಿನ್ ನಂಬರ್ ಅದೇ, ಆರ್‌ಸಿಯಲ್ಲಿ ಏನು ಬದಲಾಯ್ತು?" ಅಂತ ನನ್ನ ತಮ್ಮನೂ ಕೇಳಿದ. ವಾದ ಜಾಣತನದ್ದೇ. ಆದರೆ ಕೇರಳ ಹೈಕೋರ್ಟ್‌ನಿಂದ ಮೇಲಕ್ಕೆ ಹೋದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರನ್ ಅವರ ಪೀಠ ಇದನ್ನ ಬಿಗಿ ಮಾಡಿತು. ಅಳತೆಗೋಲು ತಯಾರಕರ ಮೂಲ ವಿನ್ಯಾಸ. ಬಣ್ಣ, ಸಣ್ಣಪುಟ್ಟ ಫಿಟ್ಟಿಂಗ್ ಬಿಟ್ಟರೆ ಅದನ್ನ ಮೀರೋ ಬದಲಾವಣೆಗೆ ಜಾಗ ಇಲ್ಲ.

ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು. ಅನುಮತಿ ಇಲ್ಲದೆ ಬದಲಾವಣೆ ಮಾಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ. "ಪ್ರತಿ ಬದಲಾವಣೆಗೆ" ಅನ್ನೋದನ್ನ ಗಮನಿಸಿ. ಬ್ಲೋವರ್ ಒಂದು, ಇಸಿಯು ಇನ್ನೊಂದು, ಸೈಲೆನ್ಸರ್ ಮತ್ತೊಂದು ಅಂತ ಎಣಿಸೋಕೆ ಅವಕಾಶ ಇದೆ.

ಅದರ ಮೇಲೆ ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣ, ಆಮೇಲೆ 5 ವರ್ಷಕ್ಕೊಮ್ಮೆ ಮತ್ತೆ ತಪಾಸಣೆ. ಇವತ್ತು ಓಡ್ತಿರೋ ಎಸ್ಟೀಮ್‌ಗಳೆಲ್ಲ ಈ ಸಾಲಿನಲ್ಲೇ ಇವೆ. ಬಾನೆಟ್ ತೆಗೆದ ಕೂಡಲೇ ಇನ್‌ಸ್ಪೆಕ್ಟರ್ ಕಣ್ಣಿಗೆ ಮೊದಲು ಬೀಳೋದೇ ಬ್ಲೋವರ್. ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿಗೆ ತಕರಾರು ತೆಗೆಯೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ತಮಾಷೆ ಅಂದ್ರೆ ಪಿಯುಸಿಯಲ್ಲಿ ಈ ಕಾರು ಪಾಸಾಗಿಬಿಡಬಹುದು. ಅಲ್ಲಿ ನಿಂತ ಗಾಡಿಯ ಸೈಲೆನ್ಸರ್‌ಗೆ ನಳಿಗೆ ತೂರಿಸಿ ಅಳೀತಾರೆ, ಲೋಡ್ ಇರೋದಿಲ್ಲ. ಬೂಸ್ಟ್ ಕೆಲಸ ಮಾಡೋದು ಲೋಡ್‌ನಲ್ಲಿ. ಹೊಗೆ ಉಗುಳೋದೂ ಆಗಲೇ.

ಬಾಗಿಲು ಯಾರಿಗೆ ತೆರೆದಿದೆ?

ರಸ್ತೆ ಮೇಲೆ ಓಡೋ ಕಾರಿಗೆ ನಿಯಮ ಬೇಡ ಅಂತ ನಾನು ಹೇಳಲ್ಲ. ಮಾಸ್ತಿಯಿಂದ ಮಾಲೂರಿಗೆ ಹೋಗೋ ರಸ್ತೇಲಿ ಬೆಳಗಿನ ಜಾವ ತರಕಾರಿ ಟೆಂಪೊ, ಹಾಲಿನ ಕ್ಯಾನ್ ಕಟ್ಟಿದ ಬೈಕು, ಇಟ್ಟಿಗೆ ಲಾರಿ, ಶಿಫ್ಟ್ ಬಸ್‌ಗೆ ಕಾಯೋ ಹೆಣ್ಣುಮಕ್ಕಳು ಎಲ್ಲರೂ ಇರ್ತಾರೆ. ಯಾರದೋ ಹಿತ್ತಲಿನ ಬ್ರ್ಯಾಕೆಟ್ ಮುರಿದು ಬೆಲ್ಟ್ ಸ್ಟೀರಿಂಗ್‌ಗೆ ಸುತ್ತಿಕೊಂಡರೆ ಅದಕ್ಕೆ ಬೆಲೆ ತೆರೋದು ಅವರು. ಅವರನ್ನ ಕಾಯೋ ಕಾನೂನು ಬೇಕೇ ಬೇಕು.

ನನ್ನ ಜಗಳ ಇರೋದು ಬೇರೆ ಕಡೆ. ಅದೇ ಸೆಕ್ಷನ್ 52ರಲ್ಲಿ ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಾಯಿಸೋಕೆ ದಾರಿ ಇದೆ. ಅನುಮೋದನೆ ಪಡೆದ ಕಿಟ್ ತಗೊಳ್ಳಿ, ಅಧಿಕೃತರ ಹತ್ತಿರ ಹಾಕಿಸಿ, ಆರ್‌ಟಿಒದಲ್ಲಿ ಆರ್‌ಸಿಗೆ ಬರೆಸಿ. ಗ್ಯಾಸ್ ಸಿಲಿಂಡರನ್ನ ಡಿಕ್ಕಿಯಲ್ಲಿ ಇಟ್ಟು ಓಡಿಸೋದು ಬ್ಲೋವರ್‌ಗಿಂತ ಕಡಿಮೆ ಅಪಾಯದ ಕೆಲಸವೇನಲ್ಲ. ಆದರೂ ಪರೀಕ್ಷೆ ಮಾಡಿ ಒಪ್ಪಿಗೆ ಕೊಡೋ ಕ್ರಮವನ್ನ ಸರ್ಕಾರ ಕಟ್ಟಿತು. ಯಾಕಂದ್ರೆ ಬೇಕಿತ್ತು. 2019ರ ತಿದ್ದುಪಡಿಯೂ ಒಂದು ಮಾತು ಸೇರಿಸಿದೆ: ಬದಲಾವಣೆಗಳಿಗೆ, ರೆಟ್ರೊಫಿಟ್‌ಗೆ ಬೇಕಾದ ಮಾನದಂಡ, ಅನುಮತಿಯ ಷರತ್ತುಗಳನ್ನ ಕೇಂದ್ರ ಸರ್ಕಾರ ರೂಪಿಸಬಹುದು, ಅಂಥ ಬದಲಾವಣೆಯಿಂದ ಕಂಪನಿಯ ವಾರಂಟಿಯೂ ಹೋಗೋಲ್ಲ. ಅಂದರೆ ಗೋಡೆಯಲ್ಲಿ ಬಾಗಿಲಿಗೆ ಜಾಗ ಬಿಟ್ಟಿದಾರೆ.

ಆದರೆ ಒಬ್ಬ ಡಿಪ್ಲೊಮಾ ಹುಡುಗ ತಾನೇ ಕಟ್ಟಿದ ಒಂದೇ ಒಂದು ಕಾರನ್ನ ತಂದು "ಪರೀಕ್ಷೆ ಮಾಡಿ, ಸರಿ ಇದ್ದರೆ ಒಪ್ಪಿ, ಇಲ್ಲದಿದ್ದರೆ ತಿರಸ್ಕರಿಸಿ" ಅಂತ ಕೇಳೋ ಕೌಂಟರ್ ಜಿಲ್ಲೆಯಲ್ಲಿಲ್ಲ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಥರದ ಸಂಸ್ಥೆಗಳು ಕಂಪನಿಗಳ ಮಾದರಿಗಳನ್ನ ಪರೀಕ್ಷಿಸೋಕೆ ಇರೋವು. ಜರ್ಮನಿಯಲ್ಲಿ ಟಿಯುವಿಯಂಥ ತಪಾಸಣಾ ಸಂಸ್ಥೆಗಳ ಇಂಜಿನಿಯರ್ ಒಂದೇ ಕಾರನ್ನೂ ನೋಡ್ತಾನೆ. ಬ್ರೇಕ್, ಹೊಗೆ, ಸದ್ದು ಎಲ್ಲ ಅಳೆದು ಒಪ್ಪಿದರೆ ವಾಹನದ ಕಾಗದದಲ್ಲಿ ನಮೂದಾಗುತ್ತೆ. ಅಲ್ಲಿನ ನಿಯಮ ನಮಗಿಂತ ಸಡಿಲ ಅಲ್ಲ. ಹೆಚ್ಚು ಕಟ್ಟುನಿಟ್ಟು, ಆದರೆ "ಇಲ್ಲ" ಅನ್ನೋ ಮುಂಚೆ ಅಳೀತಾರೆ.

ಇಲ್ಲಿ ಏನಾಗುತ್ತೆ? 5,000 ರೂ. ದಂಡ ಎಲ್ಲರಿಗೂ ಒಂದೇ. ಕೋಟಿ ಬೆಲೆಯ ಕಾರಿಗೆ ಟ್ಯೂನಿಂಗ್ ಮಾಡಿಸಿದವನಿಗೆ ಅದು ಒಂದು ರಾತ್ರಿ ಊಟದ ಬಿಲ್. ಕಾಂಟ್ರ್ಯಾಕ್ಟ್ ಕೆಲಸಗಾರನಿಗೆ ದಿನಗಟ್ಟಲೆ ದುಡಿಮೆ. ಶಿಫ್ಟ್‌ನಲ್ಲಿ ಅವನು ಇನ್ನೊಬ್ಬರ ವಿನ್ಯಾಸಕ್ಕೆ ಬೋಲ್ಟ್ ಬಿಗಿದರೆ ಅದು "ಮೇಕ್ ಇನ್ ಇಂಡಿಯಾ". ಸಂಜೆ ತನ್ನ ವಿನ್ಯಾಸಕ್ಕೆ ಬೋಲ್ಟ್ ಬಿಗಿದರೆ ಅಪರಾಧ. ಸ್ಕಿಲ್ ಇಂಡಿಯಾ ಅಂತ ಭಾಷಣ ಮಾಡೋರು ಈ ಎರಡರ ನಡುವಿನ ದೂರವನ್ನ ಅಳೆದು ನೋಡಬೇಕು. ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಡೈನೊ, ಹೊಗೆ ಅಳೆಯೋ ಯಂತ್ರ, ಬ್ರೇಕ್ ಟೆಸ್ಟರ್ ಇಟ್ಟು, ತರಬೇತಾದ ಇಬ್ಬರು ಪರೀಕ್ಷಕರನ್ನ ಕೂರಿಸಿ, ಶುಲ್ಕ ಕಟ್ಟಿಸಿಕೊಂಡು ಒಂದೊಂದೇ ಕಾರು ನೋಡೋಕೆ ಆಗಲ್ವಾ? ಹತ್ತರಲ್ಲಿ ಒಂಬತ್ತು ತಿರಸ್ಕಾರ ಆಗಲಿ, ಪರವಾಗಿಲ್ಲ. ಯಾಕೆ ತಿರಸ್ಕಾರ ಆಯ್ತು ಅನ್ನೋ ಕಾಗದ ಕೈಲಿ ಹಿಡ್ಕೊಂಡು ಬರೋ ಹುಡುಗ ಕಲಿತು ಬಂದಿರ್ತಾನೆ. ಈಗ ಹಾಕಿಸ್ಕೊಳ್ಳೋರು ಹೇಗೂ ಕದ್ದು ಹಾಕಿಸ್ಕೊಳ್ತಾರೆ, ಯಾರೂ ಅಳೆಯೋಲ್ಲ.

ತಮ್ಮನಿಗೆ ಹೇಳಿದ್ದು

ರಸ್ತೆ ಕಾರಿಗೆ ಹಾಕಬೇಡ ಅಂದೆ. ಬೇಕಿದ್ದರೆ ಇಂಜಿನ್‌ನ ಸ್ಟ್ಯಾಂಡ್ ಮೇಲಿಡು, ಕಾಲೇಜಿನ ಹುಡುಗರನ್ನ ಜೊತೆಗೆ ಸೇರಿಸ್ಕೊ. ವಿದ್ಯಾರ್ಥಿಗಳು ಸಣ್ಣ ರೇಸ್ ಕಾರು ಕಟ್ಟಿ ಓಡಿಸೋ ಫಾರ್ಮುಲಾ ಭಾರತ್ ಸ್ಪರ್ಧೆ ಇದೆ, ಅಂಥ ತಂಡಗಳಿಗೆ ನಿನ್ನ ಥರ ಲೇತ್ ಗೊತ್ತಿರೋರು ಬೇಕಾಗಿರುತ್ತೆ. ಕಾರೇ ಆಗಬೇಕು ಅಂದರೆ ಅದನ್ನ ಲಾರಿ ಮೇಲೆ ಹೇರಿಕೊಂಡು ಇರುಂಗಾಟುಕೋಟೈ ಅಥವಾ ಕೊಯಮತ್ತೂರಿನ ಟ್ರ್ಯಾಕ್‌ಗೆ ಹೋಗಬೇಕು, ಅಲ್ಲಿ ನಿಯಮ ಬೇರೆ, ಹೆಲ್ಮೆಟ್ಟು ರೋಲ್‌ಕೇಜು ಕಡ್ಡಾಯ, ಎದುರಿಗೆ ಹಾಲಿನವನು ಬರೋಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಅಣ್ಣಾ, ಅಂದ್ರೆ ಕಂಪನಿಯೋರು ಹಾಕಿದ್ರೆ ಟರ್ಬೊ, ನಾವ್ ಹಾಕಿದ್ರೆ ಕೇಸಾ?"

ಕಂಪನಿಯವರು ಅದನ್ನ ಪರೀಕ್ಷೆ ಮಾಡಿಸಿರ್ತಾರೆ ಕಣೋ, ನಿಂದನ್ನ ಯಾರೂ ಪರೀಕ್ಷೆ ಮಾಡಿಲ್ಲ, ವ್ಯತ್ಯಾಸ ಅದೇ ಅಂದೆ.

"ಮಾಡ್ಸೋಕೆ ನಾನ್ ರೆಡಿ. ಎಲ್ಲಿ ಮಾಡ್ತಾರೆ ಹೇಳು" ಅಂದ.

ಅವನು ಕೇಳಿದ್ದು ವಿನಾಯಿತಿಯಲ್ಲ, ವಿಳಾಸ. ಅದನ್ನ ಕೊಡಬೇಕಾದ್ದು ಸಾರಿಗೆ ಇಲಾಖೆ.